ಸಲಾಕೆಗೆ ಬಿಗಿದ ಹನ್ನೊಂದು ಮಂದಿ

ಮನೆಮಂದಿಯೆಲ್ಲ ಕೂಡಿ ಆಡುವುದಕ್ಕೆಂದು ಫೂಸ್‌ಬಾಲ್ ಮೇಜೊಂದನ್ನು ಕೊಳ್ಳಲು ಹೊರಟ ಗೃಹಸ್ಥನ ಎದುರಿಗೆ ಅಂಗಡಿಯವನು ನಾಲ್ಕಾರು ಬಗೆಯ ಮೇಜುಗಳನ್ನು ತೋರಿಸಿದಾಗ, ಅವುಗಳ ಬೆಲೆಯಲ್ಲಿರುವ ಅಂತರ ಥಟ್ಟನೆ ಕಣ್ಣಿಗೆ ಬೀಳುತ್ತದೆಯೇ ಹೊರತು ರಚನೆಯಲ್ಲಿರುವ ಅಂತರದ ಕಾರಣ ಹೊಳೆಯುವುದಿಲ್ಲ. ಒಂದರಲ್ಲಿ ಗೋಲನ್ನು ಕಾಯುವವನು ಒಬ್ಬನೇ; ಇನ್ನೊಂದರಲ್ಲಿ ಮೂವರು. ಒಂದರ ಸಲಾಕೆಯನ್ನು ಒತ್ತಿದಾಗ ಅದರ ತುದಿ ಎದುರು ಪಾರ್ಶ್ವದಿಂದ ಹೊರಕ್ಕೆ ಚಾಚಿಕೊಳ್ಳುತ್ತದೆ. ಇನ್ನೊಂದರ ಸಲಾಕೆ ತನ್ನೊಳಗೇ ಅಡಗಿಕೊಳ್ಳುತ್ತದೆ. ಒಂದರ ಚೆಂಡು ಬಿರಡೆಯದು, ಮತ್ತೊಂದರದು ಗಟ್ಟಿ ಪ್ಲಾಸ್ಟಿಕ್ಕಿನದು. ಸುಮಾರು ನೂರು ವರ್ಷಗಳ ಅವಧಿಯಲ್ಲಿ ಈ ಆಟವು ಆಸ್ಪತ್ರೆಯ ಹಜಾರದಿಂದ ಕಾಫಿಮನೆಗೆ, ಕಾಫಿಮನೆಯಿಂದ ಸೈನಿಕರ ಬಿಡಾರದ ನೆರೆಗೆ, ಅಲ್ಲಿಂದ ಲಕ್ಷಾಂತರ ಡಾಲರು ಬಹುಮಾನದ ಪಂದ್ಯಗಳ ಸಭಾಂಗಣಕ್ಕೆ ನಡೆದುಬಂದ ದಾರಿಯಲ್ಲಿ, ಒಂದೊಂದು ತಂಗುದಾಣವೂ ಮೇಜಿನ ಮೈಮೇಲೆ ತನ್ನ ಗುರುತನ್ನು ಉಳಿಸಿಹೋಗಿದೆ. ಆ ಗುರುತುಗಳನ್ನು ಓದಬಲ್ಲವನಿಗೆ ತನ್ನ ಮನೆಗೆ ಯಾವ ಮೇಜು ಸಲ್ಲುವುದೆಂಬುದನ್ನು ನಿರ್ಣಯಿಸಲು ಅಂಗಡಿಯವನ ಮಾತಿನ ಆಸರೆ ಬೇಕಾಗುವುದಿಲ್ಲ.

ಕಾಲ್ಚೆಂಡಾಟವನ್ನು ಮೇಜಿನ ಮೇಲಕ್ಕೆ ತರಬೇಕೆಂಬ ಹಂಬಲ ಯಾವನೊಬ್ಬನದೂ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿಯೇ ಯುರೋಪಿನ ಕೆಲವೆಡೆ ಇಂತಹ ಉಪಕರಣಗಳಿಗೆ ಪೇಟೆಂಟು ಕೋರಿದವರಿದ್ದರು. ಇಂಗ್ಲೆಂಡಿನಲ್ಲಿ ಫುಟ್‌ಬಾಲು ಕಾರ್ಖಾನೆಯ ಕೆಲಸಗಾರರ ಶನಿವಾರದ ಉತ್ಸವವಾಗಿ ಬೆಳೆದು, ಆಡುವವರಿಗಿಂತ ನೋಡುವವರ ಸಂಖ್ಯೆ ಎಷ್ಟೋ ಮಡಿ ಹೆಚ್ಚಾದ ಮೇಲೆ, ನೋಡಿ ಬಂದವನಿಗೆ ತಾನೂ ಆಡಬೇಕೆಂಬ ಆಸೆ ಮೂಡಿದುದು ಸಹಜವೇ ಆಗಿದೆ. ಲಂಡನ್ನಿನ ಹೆರಾಲ್ಡ್ ಸರ್ಲ್ಸ್ ಥಾರ್ನ್‌ಟನ್ ಎಂಬಾತನು 1921ರ ಅಕ್ಟೋಬರಿನಲ್ಲಿ ಸಲ್ಲಿಸಿದ ಅರ್ಜಿಯು 1923ರ ನವೆಂಬರಿನಲ್ಲಿ ಅಂಗೀಕೃತವಾಗಿ, 205,991ನೆಯ ಸಂಖ್ಯೆಯ ಪೇಟೆಂಟು ಅವನಿಗೆ ದೊರೆಯಿತು. ಬೆಂಕಿಪೊಟ್ಟಣದ ಮೇಲೆ ಕಡ್ಡಿಗಳನ್ನು ಅಡ್ಡಡ್ಡಲಾಗಿ ಇರಿಸಿದಾಗ ಅವನಿಗೆ ಈ ಕಲ್ಪನೆ ಹೊಳೆಯಿತೆಂದು ಹೇಳುತ್ತಾರೆ. ಕಥೆ ನಿಜವಾಗಿರಲಿ ಬಿಡಲಿ, ಇಂದಿನ ಮೇಜನ್ನು ಮೇಲಿನಿಂದ ನೋಡಿದವರಿಗೆ ಆ ಪೊಟ್ಟಣ, ಆ ಕಡ್ಡಿಗಳು ಕಾಣದೆ ಇರವು: ಅಂಚುಕಟ್ಟಿದ ಒಂದು ಪೆಟ್ಟಿಗೆ, ಅದರ ಅಡ್ಡಕ್ಕೆ ಎಂಟು ಸಲಾಕೆ, ಅವುಗಳಿಗೆ ಬಿಗಿದ ಬೊಂಬೆಗಳು. ಗೋಲು ಕಾಯುವವನೊಬ್ಬ, ಅವನ ಮುಂದೆ ಇಬ್ಬರು, ನಡುವೆ ಐವರು, ಮುಂಚೂಣಿಯಲ್ಲಿ ಮೂವರು. ಹೀಗೆ ಪಕ್ಷಕ್ಕೆ ಹನ್ನೊಂದು ಮಂದಿ.

ಈ ಚರಿತ್ರೆಯಲ್ಲಿ ನನ್ನ ಮನಸ್ಸು ದೀರ್ಘಕಾಲ ನಿಲ್ಲುವುದು ಸ್ಪೇನ್ ದೇಶದಲ್ಲಿ. ಅಲ್ಲಿಯ ವಾಯವ್ಯ ಮೂಲೆಯ ಗಲೀಸಿಯ ಪ್ರಾಂತದ ಫಿನಿಸ್ತೆರೆ ಎಂಬ ಕಡಲಂಚಿನ ಊರಿನಲ್ಲಿ 1919ರಲ್ಲಿ ಜನಿಸಿ, ಊರಿನ ಹೆಸರನ್ನೇ ಕಾವ್ಯನಾಮವಾಗಿ ಧರಿಸಿಕೊಂಡ ಅಲೆಹಾಂದ್ರೊ ಫಿನಿಸ್ತೆರೆ ಎಂಬ ಕವಿಯು, ಅಂತರ್ಯುದ್ಧದ ಮೊದಲ ವರ್ಷದ ನವೆಂಬರಿನಲ್ಲಿ, ಎಂದರೆ 1936ರಲ್ಲಿ, ಮಾಡ್ರಿಡ್ ನಗರದ ಮೇಲೆ ಬಿದ್ದ ಬಾಂಬುಗಳಿಂದ ಕುಸಿದ ಮನೆಯ ಅವಶೇಷಗಳಡಿಯಲ್ಲಿ ಸಿಕ್ಕಿ ಗಾಯಗೊಂಡನು. ಆಗ ಅವನಿಗೆ ಹದಿನೇಳು ವರ್ಷ ವಯಸ್ಸು. ಚಿಕಿತ್ಸೆಗಾಗಿ ಅವನನ್ನು ಮೊದಲು ವಾಲೆನ್ಸಿಯಕ್ಕೂ ಅನಂತರ ಬಾರ್ಸಿಲೋನಾ ನಗರಕ್ಕೆ ಅನತಿದೂರದಲ್ಲಿರುವ ಮೊಂತ್ಸರಾತ್ ಬೆಟ್ಟದ ಸೀಮೆಯ ಆಸ್ಪತ್ರೆಗೂ ಸಾಗಿಸಿದರು. ಆ ಆಸ್ಪತ್ರೆಯಲ್ಲಿ ತನ್ನಂತೆಯೇ ಕಾಲು ನೊಂದ, ಕೆಲವರು ಕಾಲನ್ನೇ ಕಳೆದುಕೊಂಡ ಬಾಲಕರಿದ್ದರೆಂದೂ, ಅವರು ಇನ್ನು ಮೈದಾನಕ್ಕೆ ಇಳಿಯಲಾರರಲ್ಲಾ ಎಂಬ ಮರುಕವೇ ತನ್ನನ್ನು ಈ ಮೇಜಿನ ಕಡೆಗೆ ಎಳೆಯಿತೆಂದೂ ಅವನು ಮುಂದೆ ಜೀವನದುದ್ದಕ್ಕೂ ಹೇಳುತ್ತಿದ್ದನು. ಮೇಜಿನ ಮೇಲೆ ಟೆನಿಸ್ ಆಡುವುದಾದರೆ ಫುಟ್‌ಬಾಲನ್ನೇಕೆ ಆಡಬಾರದೆಂಬುದು ಅವನ ತರ್ಕವಾಗಿತ್ತು. ಫ್ರಾನ್ಸಿಸ್ಕೊ ಹವಿಯೆರ್ ಅಲ್ತೂನಾ ಎಂಬ ಬಾಸ್ಕ್ ಸೀಮೆಯ ನಿರಾಶ್ರಿತ ಬಡಗಿಯು ಅವನ ಹೇಳಿಕೆಯಂತೆ ಮರವನ್ನು ಕಡೆದು ಮೇಜನ್ನು ಕಟ್ಟಿಕೊಟ್ಟನು. ಕವಿಯ ಹೆಸರನ್ನು ಹೇಳುವವರು ಬಡಗಿಯ ಹೆಸರನ್ನು ಮರೆಯಬಾರದೆಂದು ನನಗೆ ತೋರುತ್ತದೆ. ಏಕೆಂದರೆ ಈ ಆಟದ ಹಿತವೆಲ್ಲ ಸಲಾಕೆಯು ರಂಧ್ರದಲ್ಲಿ ಎಷ್ಟು ನಯವಾಗಿ ಹೊರಳುವುದೆಂಬುದರ ಮೇಲೆ ನಿಂತಿದೆ, ಅದು ಬಡಗಿಯ ಕೈಗೆ ಸೇರಿದ ವಿದ್ಯೆ.

1937ರ ಜನವರಿಯಲ್ಲಿ ಬಾರ್ಸಿಲೋನಾದಲ್ಲಿ ಅವನು ಈ ಮೇಜಿಗೂ, ಅದರೊಡನೆ ಪಿಯಾನೊ ನುಡಿಸುವವರು ಸ್ವರಲಿಪಿಯ ಹಾಳೆಯನ್ನು ಕಾಲಿನಿಂದಲೇ ಮಗುಚುವ ಒಂದು ಸಾಧನಕ್ಕೂ ಪೇಟೆಂಟು ಪಡೆದನೆಂದು ಅವನ ಹೇಳಿಕೆ. ಗಣರಾಜ್ಯ ಪಕ್ಷವು ಸೋತು, ಫ್ರಾಂಕೋನ ಸೇನೆ ಮುಂದೊತ್ತಿ ಬಂದಾಗ, ಲಕ್ಷಾಂತರ ಜನರೊಡನೆ ಅವನೂ ಪಿರೆನೀಸ್ ಪರ್ವತಗಳನ್ನು ಕಾಲ್ನಡೆಯಲ್ಲಿ ದಾಟಿ ಫ್ರಾನ್ಸಿಗೆ ಹೋದನು; ದಾರಿಯಲ್ಲಿ ಸುರಿದ ಮಳೆಯಲ್ಲಿ ಪೇಟೆಂಟಿನ ಕಾಗದಗಳು ತೊಯ್ದು ಹಾಳಾದುವು. ಅಲ್ಲಿಂದ ದಕ್ಷಿಣ ಅಮೆರಿಕಕ್ಕೂ, 1950ರ ದಶಕದ ಮೊದಲಿಗೆ ಗ್ವಾಟೆಮಾಲಕ್ಕೂ ಹೋಗಿ, ಆ ದೇಶದ ಮಹೋಗನಿ ಮರದಲ್ಲಿ ಮೇಜುಗಳನ್ನು ಮಾಡಿಸಿದನು. ಆ ದಿನಗಳಲ್ಲಿ ಅಲ್ಲಿಯೇ ಇದ್ದ ಚೆ ಗೆವಾರನೊಡನೆ ತಾನು ಈ ಆಟವನ್ನು ಆಡಿದೆನೆಂದೂ ಅವನು ಹೇಳಿಕೊಂಡಿದ್ದಾನೆ. 1954ರ ಸೈನಿಕ ಕ್ರಾಂತಿಯಾದ ಮೇಲೆ ಅವನನ್ನು ಹಿಡಿದು ವಿಮಾನದಲ್ಲಿ ಸ್ಪೇನಿಗೆ ಅಟ್ಟುತ್ತಿದ್ದಾಗ, ಸಾಬೂನಿನ ಬಿಲ್ಲೆಗೆ ತಗಡಿನ ಹಾಳೆಯನ್ನು ಸುತ್ತಿ ಅದನ್ನು ಬಾಂಬೆಂದು ಬೆದರಿಸಿ ನಡುದಾರಿಯಲ್ಲಿ ಇಳಿದುಹೋದನಂತೆ. ಮುಂದೆ ಮೆಕ್ಸಿಕೋದಲ್ಲಿ ಪ್ರಕಾಶಕನಾಗಿ, ದೇಶಭ್ರಷ್ಟರಾದ ಸ್ಪೇನಿನ ಕವಿಗಳ ಕೃತಿಗಳನ್ನು ಅಚ್ಚು ಹಾಕಿಸುತ್ತ ಬಾಳಿ, ಫ್ರಾಂಕೋನ ಆಳ್ವಿಕೆಯ ಕೊನೆಗಾಲದ ಹೊತ್ತಿಗೆ ಸ್ವದೇಶಕ್ಕೆ ಬಂದು ನೋಡಿದರೆ, ಅವನ ಆಟವು ಊರೂರಿನ ಪಾನಗೃಹಗಳಲ್ಲಿ ನೆಲೆಯೂರಿತ್ತು. ಅದರಿಂದ ಬರಬೇಕಾದ ಹಣ ಮಾತ್ರ ಬೇರೆಯವರ ಪಾಲಾಗಿತ್ತು. 2007ರ ಫೆಬ್ರವರಿಯಲ್ಲಿ ಸಮೋರಾ ನಗರದಲ್ಲಿ ಅವನು ತೀರಿಕೊಂಡನು. ಥಾರ್ನ್‌ಟನ್ನನ ಪೇಟೆಂಟು ಹದಿಮೂರು ವರ್ಷ ಹಿಂದಿನದಾದುದರಿಂದ ಆಟದ ಪ್ರಥಮ ಕರ್ತೃತ್ವವನ್ನು ಫಿನಿಸ್ತೆರೆಗೆ ಸಲ್ಲಿಸಲಾಗದು. ಆದರೂ ಮೈದಾನಕ್ಕೆ ಹೋಗಲಾರದ ಮಕ್ಕಳಿಗೆ ಮೈದಾನವನ್ನೇ ತಂದುಕೊಡಬೇಕೆಂಬ ಅವನ ಸಂಕಲ್ಪವು ಈ ಮೇಜಿನ ಅತ್ಯುತ್ತಮ ವಂಶಾವಳಿಯೆಂದು ನಾನು ಭಾವಿಸುತ್ತೇನೆ.

ಫ್ರೆಂಚರ ಪರಂಪರೆಯೂ ಇದಕ್ಕೆ ಸಮೀಪದ್ದೇ. ಮೋಟಾರು ವಾಹನಗಳ ಉದ್ಯಮದಲ್ಲಿ ಹೆಸರಾಗಿ, 1927ರಿಂದ ತನ್ನ ಹೆಸರಿನಲ್ಲಿಯೇ ಕಾರುಗಳನ್ನು ತಯಾರಿಸಿದ ಲುಸಿಯೆನ್ ರೊಸೆಂಗಾರ್ ಎಂಬ ಯಂತ್ರಶಿಲ್ಪಿಯು, ಚಳಿಗಾಲದಲ್ಲಿ ಹೊರಗೆ ಹೋಗಲಾರದೆ ಬೇಸರಪಡುತ್ತಿದ್ದ ತನ್ನ ಮೊಮ್ಮಕ್ಕಳಿಗಾಗಿ 1930ರ ದಶಕದಲ್ಲಿ ಇಂತಹ ಮೇಜೊಂದನ್ನು ಕಲ್ಪಿಸಿದನೆಂದು ಅಲ್ಲಿಯವರ ನಂಬಿಕೆ. ಇಲ್ಲಿಯೂ ಒಬ್ಬ ಅಜ್ಜ, ಕೆಲವು ಮೊಮ್ಮಕ್ಕಳು, ಮುಚ್ಚಿದ ಬಾಗಿಲು. ತುಳುನಾಡಿನಲ್ಲಿ ಆಟಿ ತಿಂಗಳ ಎಡೆಬಿಡದ ಮಳೆಯಲ್ಲಿ ಮನೆಯ ಚಾವಡಿಗೆ ಚೆನ್ನೆಮಣೆ ಇಳಿಯುವುದನ್ನು ಬಲ್ಲ ನಮಗೆ, ಋತುವಿನ ಒತ್ತಾಯದಿಂದ ಮನೆಯೊಳಗಿನ ಆಟ ಹುಟ್ಟುವುದೆಂಬ ಮಾತು ಹೊಸದಲ್ಲ.

ಮನೆಗಾಗಿ ಹುಟ್ಟಿದುದೆಂದು ಹೇಳಿಕೊಳ್ಳುವ ಆಟವು ಮನೆಯಲ್ಲಿ ನಿಲ್ಲಲಿಲ್ಲ. ಅದನ್ನು ಕಾಫಿಮನೆ ಕರೆದೊಯ್ದಿತು. ನಾಣ್ಯವನ್ನು ಹಾಕಿ ಹಿಡಿಕೆಯನ್ನು ಎಳೆದರೆ ಚೆಂಡುಗಳು ಗಡಗಡನೆ ಉರುಳಿ ತಟ್ಟೆಗೆ ಬೀಳುವ, ಗೋಲಾದ ಚೆಂಡು ಪೆಟ್ಟಿಗೆಯ ಹೊಟ್ಟೆಯನ್ನು ಸೇರಿ ಮುಂದಿನ ನಾಣ್ಯದವರೆಗೆ ಹೊರಬಾರದ ಯಂತ್ರವ್ಯವಸ್ಥೆಯು ಇದನ್ನು ಒಂದು ವ್ಯಾಪಾರವನ್ನಾಗಿಸಿತು. ಫ್ರಾನ್ಸಿನ ಕಾಫಿಮನೆಗಳ ಇಕ್ಕಟ್ಟಿನಲ್ಲಿ, ಪಕ್ಕದ ಮೇಜಿಗೆ ತಟ್ಟೆ ಹಿಡಿದು ಹೋಗುವ ಪರಿಚಾರಕನ ಪಕ್ಕೆಗೆ ಸಲಾಕೆಯ ತುದಿ ತಿವಿಯುವುದು ದಿನನಿತ್ಯದ ಅಪಾಯ. ಪ್ಯಾರಿಸಿಗೆ ಹೊಂದಿಕೊಂಡಿರುವ ಬಾನ್ಯೊಲೆಯಲ್ಲಿ ತಯಾರಾಗುವ ಬೊಂಜೀನಿ ಮೇಜಿನಲ್ಲಿ ಈ ತೊಂದರೆಗೆ ಪರಿಹಾರವಿದೆ: ಅದರ ಸಲಾಕೆಯು ಕೊಳವೆಯೊಳಗಿನ ಕೊಳವೆ, ಈ ಕಡೆ ಒತ್ತಿದಷ್ಟೂ ಅದು ತನ್ನಲ್ಲೇ ಸರಿದು ಸೇರಿಕೊಳ್ಳುವುದಲ್ಲದೆ, ಆ ಕಡೆ ಒಂದು ಅಂಗುಲವೂ ಹೊರಬರುವುದಿಲ್ಲ. ನೆಲಕ್ಕೆ ಲಿನೋಲಿಯಂ ಹಾಸು, ಚೆಂಡು ಬಿರಡೆಯದು. ಹಗುರವಾದ ಈ ಚೆಂಡನ್ನು ಲೋಹದ ಬೊಂಬೆಯ ಪಾದದಡಿಯಲ್ಲಿ ಅದುಮಿ ಹಿಡಿದು, ಮೆಲ್ಲನೆ ಪಕ್ಕಕ್ಕೆ ಜಾರಿಸಿ, ಎದುರಾಳಿಯ ಕಣ್ಣು ತಪ್ಪಿಸಿ ಹೊಡೆಯುವ ಸೂಕ್ಷ್ಮ ಕೌಶಲವೆಲ್ಲ ಆ ಹಾಸು ಮತ್ತು ಆ ಬಿರಡೆಗಳ ಕೃಪೆಯಿಂದ ಬೆಳೆದುದು. ಪೆಟ್ಟಿಗೆಗೆ ತಾಗಿದಾಗ ಅದರ ಸದ್ದೂ ಮೃದು. ಮಲಗಿರುವ ಮಗುವನ್ನು ಎಬ್ಬಿಸದಷ್ಟು ಮೃದು.

ಸ್ಪೇನಿನವರು ಬೊಂಬೆಗೆ ಒಂದೇ ಕಾಲಿನ ಬದಲು ಎರಡು ಬೇರೆಬೇರೆ ಕಾಲುಗಳನ್ನು ಕೊಟ್ಟರು. ಇಟಲಿಯಲ್ಲಿ, ವಿಶೇಷವಾಗಿ ಪೀಡ್‌ಮಾಂಟಿನ ಅಲೆಸ್ಸಾಂದ್ರಿಯ ಸೀಮೆಯಲ್ಲಿ, ಯುದ್ಧಾನಂತರ ಈ ಮೇಜುಗಳ ತಯಾರಿಕೆ ಬೇರೂರಿತು. ಗಾರ್ಲಾಂಡೊ ಮೇಜುಗಳ ಮೂಲವೂ ಅದೇ ಸೀಮೆ. ಅಲ್ಲಿಯವರು ಗಾಜಿನ ನೆಲವನ್ನೂ ಗಟ್ಟಿಯಾದ ಚೆಂಡನ್ನೂ ಮೆಚ್ಚಿ, ಆಟದ ವೇಗವನ್ನು ಹೆಚ್ಚಿಸಿದರು. ಸಲಾಕೆಗಳಲ್ಲಿ ಒಳಸರಿಯುವ ಬಗೆ, ಹಾದುಹೋಗುವ ಬಗೆ ಎರಡನ್ನೂ ಮಾಡಿ, ಸಾರ್ವಜನಿಕ ಸ್ಥಳಗಳಿಗೆ ಮೊದಲನೆಯದನ್ನು ಸೂಚಿಸುವುದು ಅವರ ವಾಡಿಕೆ. ತುರ್ಕಿಯಲ್ಲಾದರೋ ನಾಣ್ಯದ ಮೋಹವೇ ಆಟಕ್ಕೆ ಕಂಟಕವಾಗಿ, ಜೂಜಿನ ಯಂತ್ರಗಳ ಸಾಲಿನಲ್ಲಿ ಇದನ್ನೂ ಸೇರಿಸಿ 1968ರಲ್ಲಿ ಶಾಸನ ಮಾಡಿ ನಿಷೇಧಿಸಿದರು. ಮಕ್ಕಳ ವಿನೋದವು ಪಾನಗೃಹದ ಸೊತ್ತಾದುದರ ಬೆಲೆಯನ್ನು ಹೀಗೆ ಆಟವೇ ತೆರಬೇಕಾಯಿತು.

ಪಶ್ಚಿಮ ಜರ್ಮನಿಯಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಇದರ ರುಚಿ ಹತ್ತಿದುದು ಮುಂದಿನ ಘಟ್ಟ. ಅವರ ಪೈಕಿ ಲಾರೆನ್ಸ್ ಪ್ಯಾಟರ್ಸನ್ ಎಂಬಾತನು ಬವೇರಿಯದ ತಯಾರಕರಿಂದ ತನಗೆ ಬೇಕಾದಂತೆ ಮೇಜುಗಳನ್ನು ಮಾಡಿಸಿ, 1962ರಲ್ಲಿ ಅಮೆರಿಕಕ್ಕೆ ತರಿಸಿ ಮಾರಾಟಕ್ಕೆ ತೊಡಗಿದನು. ಮುಂದಿನ ದಶಕದಲ್ಲಿ ಮೊಂಟಾನಾ ರಾಜ್ಯದ ಮಿಸೂಲಾ ಎಂಬ ಊರಿನ ಲೀ ಪೆಪ್ಪಾರ್ಡ್ ಎಂಬಾತನು ನಗದು ಬಹುಮಾನದ ಪಂದ್ಯಗಳನ್ನು ಏರ್ಪಡಿಸಿ, ಕಾಲು ಮಿಲಿಯನ್ ಡಾಲರು, ಕೊನೆಗೆ 1978ರಲ್ಲಿ ಒಂದು ಮಿಲಿಯನ್ ಡಾಲರುಗಳ ಬಹುಮಾನ ಸಂಚಾರವೆಂದು ಸಾರಿ, ತನ್ನ ಮೇಜುಗಳನ್ನು ದೇಶದಾದ್ಯಂತ ಹರಡಿದನು. ಆದರೆ ಅದೇ ಸಮಯಕ್ಕೆ ವಿಡಿಯೊ ಆಟಗಳ ಪ್ರವಾಹ ಬಂದಿತು. ಪಾನಗೃಹದ ನಾಣ್ಯಗಳು ಆ ಕಡೆ ಹರಿದು, 1981ರಲ್ಲಿ ಅವನ ಸಂಸ್ಥೆ ದಿವಾಳಿಯೆದ್ದಿತು. ಅಮೆರಿಕದ ಆಟವನ್ನು ಮುಂದಕ್ಕೆ ಒಯ್ದುದು ಟೆಕ್ಸಸಿನಿಂದ ಬಂದ ಟೊರ್ನೇಡೊ ಮೇಜು.

ಈ ಅಮೆರಿಕದ ಮೇಜಿನ ಮೂವರು ಗೋಲ್‌ಕೀಪರುಗಳ ರಹಸ್ಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಗೋಲಿನ ಇಕ್ಕೆಲದ ಮೂಲೆಗೆ ಹೋಗಿ ಬಿದ್ದ ಚೆಂಡನ್ನು ಮುಟ್ಟಲು ಒಬ್ಬನೇ ಕಾವಲುಗಾರನಿಗೆ ಎಟುಕುವುದಿಲ್ಲ. ಚೆಂಡು ಅಲ್ಲಿ ಸತ್ತುಬೀಳುತ್ತದೆ. ಯುರೋಪಿನವರು ಇದಕ್ಕಾಗಿ ನೆಲದ ಮೂಲೆಗಳನ್ನು ಕೊಂಚ ಏರಿಸಿ, ಚೆಂಡು ತಾನಾಗಿಯೇ ಉರುಳಿ ಹಿಂದಿರುಗುವಂತೆ ಮಾಡಿದರು. ಅಮೆರಿಕದವರು ಅಂಗಳವನ್ನು ಪೂರ್ತಿ ಸಮತಲವಾಗಿ ಉಳಿಸಿಕೊಂಡು, ಕಾವಲುಗಾರನ ಇಕ್ಕೆಲದಲ್ಲಿ ಮತ್ತಿಬ್ಬರನ್ನು ನಿಲ್ಲಿಸಿ ಮೂಲೆಯನ್ನು ಅವರಿಗೆ ಒಪ್ಪಿಸಿದರು. ಆದುದರಿಂದಲೇ ಅಲ್ಲಿ ಪಕ್ಷಕ್ಕೆ ಹದಿಮೂವರು. ಬೊಂಬೆಯ ತಲೆ ಮತ್ತು ಕಾಲುಗಳ ತೂಕವನ್ನೂ ಸಮವಾಗಿಸಿ, ತಿರುಗಿಸಿದ ಕೋನದಲ್ಲಿಯೇ ಅದು ನಿಲ್ಲುವಂತೆ ಮಾಡಿದುದು ಆ ಮೇಜಿನ ಇನ್ನೊಂದು ಸುಧಾರಣೆ. ಮೇಲಕ್ಕೆತ್ತಿ ಬಿಟ್ಟ ಬೊಂಬೆ ತಲೆಯ ಭಾರಕ್ಕೋ ಕಾಲಿನ ಭಾರಕ್ಕೋ ಕೆಳಗೆ ಜೋಲುವ ಮೇಜಿನಲ್ಲಿ, ಹಿಂದಿನಿಂದ ಹೊಡೆದ ಚೆಂಡಿಗೆ ತನ್ನದೇ ಮುಂಚೂಣಿಯವರು ಅಡ್ಡಬರುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು. 2002ರಲ್ಲಿ ಅಂತರರಾಷ್ಟ್ರೀಯ ಟೇಬಲ್ ಸಾಕರ್ ಒಕ್ಕೂಟವು ಸ್ಥಾಪಿತವಾದಾಗ, ಒಂದೇ ಮಾದರಿಯನ್ನು ಎಲ್ಲರ ಮೇಲೆ ಹೇರದೆ, ಫ್ರಾನ್ಸ್, ಇಟಲಿ, ಜರ್ಮನಿ, ಅಮೆರಿಕಗಳ ಬೇರೆಬೇರೆ ಮೇಜುಗಳನ್ನು ಜೊತೆಜೊತೆಯಾಗಿ ಮಾನ್ಯಮಾಡಿದುದು ವಿವೇಕದ ಕೆಲಸವೆಂದು ಹೇಳಬೇಕು.

ನಮ್ಮ ನಾಡಿಗೆ ಈ ಮೇಜು ಬಹುಮಟ್ಟಿಗೆ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಕಚೇರಿಗಳ ವಿರಾಮದ ಕೋಣೆಗಳ ಮೂಲಕ ಪರಿಚಯವಾಯಿತು. ಅಲ್ಲಿ ಊಟದ ಹೊತ್ತಿನಲ್ಲಿ ಸಲಾಕೆ ಹಿಡಿದವರು ತಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಅದನ್ನು ಬಯಸಿ, ಈಗ ಸ್ವಂತ ಮನೆಗೂ ತರುತ್ತಿದ್ದಾರೆ. ಆಸ್ಪತ್ರೆಯ ಮಕ್ಕಳಿಗೂ ಅಜ್ಜನ ಮೊಮ್ಮಕ್ಕಳಿಗೂ ಸೇರಿದುದೆಂಬ ಪ್ರತೀತಿಯುಳ್ಳ ಆಟವು ಇಷ್ಟು ಸುತ್ತಿ ಬಳಸಿ ಮತ್ತೆ ಮನೆಗೆ ಬರುತ್ತಿರುವುದು ನನಗೆ ಅತ್ಯಂತ ಸಂತೋಷದ ವಿಷಯ. ಆದರೆ ಕಚೇರಿಯಲ್ಲಿ ಕಂಡ ಮೇಜನ್ನೇ ಕಣ್ಣುಮುಚ್ಚಿ ಮನೆಗೂ ತರುವುದು ಉಚಿತವಲ್ಲ.

ಪುಟ್ಟ ಮಕ್ಕಳಿರುವ ಮನೆಗೆ ಒಳಸರಿಯುವ ಸಲಾಕೆಯೇ ಶ್ರೇಷ್ಠವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೇಜಿನ ಎತ್ತರ ಸಾಮಾನ್ಯವಾಗಿ ಮೂರಡಿಯ ಆಸುಪಾಸು. ಎದುರು ಬದಿಯಲ್ಲಿ ಇಣುಕಿ ನೋಡುವ ನಾಲ್ಕೈದು ವರ್ಷದ ಮಗುವಿನ ಮುಖವು ಸಲಾಕೆಯ ತುದಿಗೆ ಸರಿಸಮವಾಗಿರುತ್ತದೆ, ದೊಡ್ಡವರು ಆವೇಶದಲ್ಲಿ ಹಿಡಿಕೆಯನ್ನು ಒತ್ತುವಾಗ ಆ ಮುಖ ಅವರ ಕಣ್ಣಿಗೆ ಬೀಳುವುದಿಲ್ಲ. ಇಂತಹ ಸಲಾಕೆ ದೊರೆಯದೆ ಹೋದಲ್ಲಿ, ತುದಿಗೆ ದಪ್ಪನಾದ ರಬ್ಬರಿನ ಟೋಪಿಯಿರುವುದನ್ನು ಆರಿಸಿ, ಇಕ್ಕೆಲದಲ್ಲಿ ತಲಾ ಮೂರಡಿಯಷ್ಟು ಜಾಗವನ್ನಾದರೂ ಬಿಡಬೇಕು. ಮಗುವಿಗೆ ನಿಲ್ಲಲು ಅಗಲವಾದ, ಅಲುಗದ ಮಣೆಯೊಂದು ಬೇಕು. ಅದನ್ನು ಮೇಜಿನೊಡನೆಯೇ ಮಾಡಿಸಿಕೊಳ್ಳುವುದು ಜಾಣತನ.

ಇನ್ನು ಪೆಟ್ಟಿಗೆಯ ಮಾತು. ಅಗ್ಗದ ಮೇಜುಗಳ ಪಾರ್ಟಿಕಲ್ ಬೋರ್ಡು ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲದ ತೇವವನ್ನು ಹೀರಿ ಅಂಚಿನಲ್ಲಿ ಉಬ್ಬುತ್ತದೆ; ನೆಲದ ಹಲಗೆ ತೆಳುವಾಗಿದ್ದರೆ ಒಂದೆರಡು ವರ್ಷಗಳಲ್ಲಿ ನಡುವೆ ತಗ್ಗಾಗಿ, ಚೆಂಡೆಲ್ಲ ಆ ತಗ್ಗಿಗೇ ಓಡುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಚೆಂಡನ್ನು ಅಂಗಳದ ನಾಲ್ಕಾರು ಕಡೆ ಇಟ್ಟು ಅದು ನಿಂತಲ್ಲಿ ನಿಲ್ಲುವುದೇ ಎಂದು ನೋಡಬೇಕು. ಮನೆಯಲ್ಲಿ ಕೂರಿಸುವಾಗ ಗಾರೆಯವರ ಮಟ್ಟಗೋಲನ್ನಿಟ್ಟು ಕಾಲುಗಳ ಕೆಳಗಿನ ತಿರುಪನ್ನು ಸರಿಪಡಿಸಬೇಕು. ಒಂದೊಂದು ಸಲಾಕೆಯನ್ನೂ ಎರಡು ಬೆರಳಿನಿಂದ ತಿರುಗಿಸಿ, ರಂಧ್ರದ ಬುಷ್ಷಿನಲ್ಲಿ ಅದು ಕಿರುಗುಟ್ಟುವುದೇ, ಸಡಿಲವಾಗಿ ಅಲ್ಲಾಡುವುದೇ ಎಂದು ಪರೀಕ್ಷಿಸಬೇಕು. ಬಳುಕುವ ಸಲಾಕೆಯ ಮೇಜು ಎಷ್ಟು ಸೊಗಸಾದ ಬಣ್ಣದ್ದಾದರೂ ಬೇಡ. ಪೆಟ್ಟಿಗೆ ಭಾರವಾದಷ್ಟೂ ಒಳ್ಳೆಯದು. ಹಗುರವಾದದ್ದು ಉತ್ಸಾಹದ ಪ್ರತಿಯೊಂದು ಹೊಡೆತಕ್ಕೂ ನೆಲದ ಮೇಲೆ ಜಾರಿ, ಆಟವನ್ನು ಜಗಳವಾಗಿಸುತ್ತದೆ.

ಕಾವಲುಗಾರ ಒಬ್ಬನೋ ಮೂವರೋ ಎಂಬ ಪ್ರಶ್ನೆಗೆ ನನ್ನ ಉತ್ತರ ಒಬ್ಬನ ಪರವಾಗಿದೆ. ಎತ್ತರಿಸಿದ ಮೂಲೆಗಳು ಚೆಂಡನ್ನು ತಾವೇ ಹಿಂದಿರುಗಿಸುವುದರಿಂದ, ಹೊಸಬರ ಆಟವು ಪದೇ ಪದೇ ನಿಲ್ಲದೆ ಸಾಗುತ್ತದೆ. ಸ್ಪರ್ಧೆಗೆ ಸಿದ್ಧವಾಗುವ ತರುಣರು ಮನೆಯಲ್ಲಿದ್ದರೆ ಮಾತ್ರ ಅಮೆರಿಕದ ಸಮತಲವನ್ನು ಅಪೇಕ್ಷಿಸಬಹುದು. ಚೆಂಡುಗಳಲ್ಲಿ ಬಿರಡೆಯವನ್ನೂ ಗಟ್ಟಿಯವನ್ನೂ ಎರಡನ್ನೂ ತಂದಿಟ್ಟುಕೊಂಡು, ರಾತ್ರಿ ಬಿರಡೆಯದನ್ನು ಬಳಸುವುದು ನೆರೆಯವರಿಗೂ ಹಿತ. ಸಲಾಕೆಯನ್ನು ಗಿರಗಿರನೆ ಸುತ್ತಿಸುವುದನ್ನು ಪಂದ್ಯದ ನಿಯಮಗಳು ನಿಷೇಧಿಸುತ್ತವೆ. ಒಂದು ಪೂರ್ಣ ಸುತ್ತಿಗೆ ಮೀರಿ ತಿರುಗಿದರೆ ಅದು ತಪ್ಪಾಟ. ಮನೆಯಲ್ಲಿಯೂ ಮೊದಲ ದಿನದಿಂದ ಈ ನಿಯಮವನ್ನು ಹಿಡಿಯುವುದು ಲೇಸು, ಏಕೆಂದರೆ ಸುತ್ತಿಸುವುದನ್ನು ಕಲಿತ ಕೈ ಚೆಂಡನ್ನು ಹಿಡಿಯುವುದನ್ನು ಕಲಿಯುವುದಿಲ್ಲ. ಇಬ್ಬಿಬ್ಬರಾಗಿ ಆಡುವಾಗ ಹಿಂದಿನ ಎರಡು ಸಲಾಕೆಗಳು ಒಬ್ಬರಿಗೆ, ಐವರ ಮತ್ತು ಮೂವರ ಸಲಾಕೆಗಳು ಇನ್ನೊಬ್ಬರಿಗೆ ಸೇರುತ್ತವೆ. ಮಗುವೂ ಹಿರಿಯರೂ ಒಂದು ಪಕ್ಷವಾದಾಗ, ಗೋಲು ಹೊಡೆಯುವ ಆಸೆಯಿರುವ ಮಗುವಿನ ಕೈಗೆ ಮುಂದಿನವನ್ನು ಕೊಟ್ಟು, ಹಿರಿಯರು ಗೋಲು ಕಾಯುವ ಕೆಲಸವನ್ನು ತಾವು ವಹಿಸಿಕೊಳ್ಳಬೇಕು.